‘ಚೆಕ್’ ಅಂದರೆ ಏನು?

ಕಳೆದ ತಿಂಗಳ ಒಂದು ರವಿವಾರ. ಅಕ್ಕಲಕೋಟೆಯ ನಮ್ಮ ಬಟ್ಟೆ ಅಂಗಡಿಯಲ್ಲಿ ಮೊಮ್ಮಗ ನಮ್ಮ ಮಗ್ಗುಲಲ್ಲಿ ಗಾದಿಯ ಮೇಲೆ ಕೂತಿದ್ದ. ಐದನೆಯ ಇಯತ್ತೆ, ಇಂಗ್ಲಿಷ್ ಮಾಧ್ಯಮ. ಒಬ್ಬ ಗಿರಾಕಿ ಬಂದು ‘ಚೆಕ್ಸಿನ ಶರ್ಟ್ ಪೀಸ್ ತೋರಸ್ರಿ’ ಅಂದರು. ಅವರು ಎದ್ದು ಹೋಗುವಷ್ಟರಲ್ಲಿ ಠೋಕ ವ್ಯಾಪಾರಿಯ ಕಡೆಯ ಮನುಷ್ಯ ಬಂದು ಹಿಂದಿನ ಮಾಲಿನ ಚೆಕ್ ಕೇಳಿದ. ಒಳಗಿನಿಂದ ಸೊಸೆ, ‘ಮಾವಾರ, ನಾಳೆ ದವಾಖಾನಿಯೊಳಗ ನಿಮ್ಮ ಚೆಕ್‌ಅಪ್ ಐತಿ, ಮರೀಬ್ಯಾಡ್ರಿ’ ಎಂದಳು. ಮೊಬೈಲಿನಲ್ಲಿ ಬುದ್ಧಿಬಳ ಆಡುತ್ತಿದ್ದ ಮೊಮ್ಮಗ ಅದೇ ಹೊತ್ತಿಗೆ ‘ಚೆಕ್!’ ಎಂದು ಕೂಗಿದ. ಕೂಗಿ ತಾನೇ ನಕ್ಕ. ‘ಅಜ್ಜಾ, ಮುಂಜಾನಿಂದ ಎಲ್ಲಾರೂ ಚೆಕ್ ಚೆಕ್ ಅಂತೀರಿ. ಚೆಕ್ ಅಂದ್ರ ಏನು?’ ಎಂದು ಕೇಳಿದ.

ನಾವು ಮ್ಯಾಟ್ರಿಕ್ ಮುಗಿಸಿ ಗಾದಿ ಹತ್ತಿದವರು. ನಲವತ್ತೈದು ವರ್ಷಗಳಿಂದ ಚೆಕ್ ಬರೆಯುತ್ತ ಬಂದಿದ್ದೇವೆ, ಚೆಕ್ಸ್ ಅರಿವೆ ಅಳೆದು ಹರಿದು ಕೊಟ್ಟಿದ್ದೇವೆ, ಚೆಕ್‌ಪೋಸ್ಟಿನಲ್ಲಿ ಮಾಲಿನ ಗಾಡಿ ನಿಲ್ಲಿಸಿಕೊಂಡು ರಾತ್ರಿ ಕಳೆದಿದ್ದೇವೆ. ಆದರೂ ಆ ಹುಡುಗನಿಗೆ ಕೊಡಲು ಉತ್ತರ ಇರಲಿಲ್ಲ. ‘ನಾಳೆ ಹೇಳ್ತೀವಿ’ ಎಂದು ವಾಯಿದೆ ಹೇಳಿದೆವು. ಆ ರಾತ್ರಿ ಶಬ್ದಕೋಶ ತೆಗೆದೆವು. ಮರುದಿನ ಪರಿಚಯದ ಒಬ್ಬ ನಿವೃತ್ತ ಮಾಸ್ತರರನ್ನೂ ಕೇಳಿದೆವು. ತಿಳಿದದ್ದನ್ನು ಈ ತಿಂಗಳು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಮೊದಲ ಆಶ್ಚರ್ಯವೆಂದರೆ, ಈ ಇಂಗ್ಲಿಷ್ ಶಬ್ದದ ಹಿಂದಿರುವ ಆಟ ನಮ್ಮ ದೇಶದ್ದು. ಸುಮಾರು ಆರನೆಯ ಶತಮಾನದ ಹೊತ್ತಿಗೆ ಭಾರತದಲ್ಲಿ ಚತುರಂಗವೆಂಬ ಆಟವಿತ್ತು. ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳಿಂದ ಅದಕ್ಕೆ ಆ ಹೆಸರು. ಆಟವು ಪಾರಸ ದೇಶಕ್ಕೆ ಹೋಗಿ ‘ಚತ್ರಂಗ್’ ಆಯಿತು. ಏಳನೆಯ ಶತಮಾನದಲ್ಲಿ ಅರಬರು ಆ ದೇಶವನ್ನು ಗೆದ್ದಮೇಲೆ ಅವರ ಬಾಯಲ್ಲಿ ‘ಶತ್ರಂಜ್’ ಆಯಿತು. ಪಾರಸಿ ಭಾಷೆಯಲ್ಲಿ ರಾಜನಿಗೆ ‘ಶಾಹ್’ ಎನ್ನುತ್ತಾರೆ. ಎದುರಾಳಿಯ ರಾಜನ ಮೇಲೆ ನಮ್ಮ ಕಾಯಿಯ ಕಣ್ಣು ಬಿದ್ದಾಗ ‘ಶಾಹ್’ ಎಂದು ಹೇಳಿ ಎಚ್ಚರಿಸಬೇಕು, ‘ನಿನ್ನ ರಾಜನನ್ನು ನೋಡಿಕೋ’ ಎಂದು. ಆತ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಿದ್ದರೆ ‘ಶಾಹ್ ಮಾತ್’. ಅದೇ ಇಂದಿನ ‘ಚೆಕ್‌ಮೇಟ್’.

ಅರಬರ ಕೈಯಿಂದ ಆಟವು ಸ್ಪೇನ್, ಇಟಲಿಗಳ ದಾರಿಯಾಗಿ ಯುರೋಪಿಗೆ ಹೋಯಿತು. ‘ಶಾಹ್’ ಎಂಬುದು ಲ್ಯಾಟಿನ್ ಭಾಷೆಯಲ್ಲಿ ‘ಸ್ಕಾಕುಸ್’ ಆಯಿತು, ಹಳೆಯ ಫ್ರೆಂಚಿನಲ್ಲಿ ‘ಎಶೆಕ್’ ಆಯಿತು, ಇಂಗ್ಲಿಷಿಗೆ ಬಂದು ‘ಚೆಕ್’ ಎಂದು ನಿಂತಿತು. ಅದೇ ಫ್ರೆಂಚ್ ಶಬ್ದದ ಬಹುವಚನದಿಂದ ಆಟಕ್ಕೆ ‘ಚೆಸ್’ ಎಂಬ ಹೆಸರು ಬಂತು. ಎಂದರೆ ಚೆಸ್ ಎಂದರೂ ರಾಜ, ಚೆಕ್ ಎಂದರೂ ರಾಜ. ನಮ್ಮ ಭಾಗದ ಹಿರಿಯರು ಕಟ್ಟೆಯ ಮೇಲೆ ಬುದ್ಧಿಬಳ ಆಡುವಾಗ ‘ಚೆಕ್’ ಎನ್ನುತ್ತಿರಲಿಲ್ಲ, ‘ಶಹ’ ಎನ್ನುತ್ತಿದ್ದರು. ಮರಾಠಿಯಲ್ಲಿ ಇಂದಿಗೂ ‘ಶಹ ಕೊಡುವುದು’ ಎಂಬ ಮಾತಿದೆ. ಅವರು ಹೇಳುತ್ತಿದ್ದುದು ಮೂಲ ಶಬ್ದ. ಮೊಮ್ಮಗ ಹೇಳುವುದು ಅದೇ ಶಬ್ದ ವಿಲಾಯತಿಗೆ ಹೋಗಿ ವೇಷ ಬದಲಿಸಿ ಬಂದದ್ದು.

ರಾಜನ ಹೆಸರು ‘ತಡೆ’ ಎಂಬ ಅರ್ಥಕ್ಕೆ ಹೇಗೆ ಬಂತು? ಆಟ ಬಲ್ಲವರಿಗೆ ಇದು ಕಷ್ಟವಲ್ಲ. ಶಹ ಕೊಟ್ಟ ಮೇಲೆ ಎದುರಿನವನ ಉಳಿದ ಹಂಚಿಕೆಗಳೆಲ್ಲ ಅಲ್ಲಿಗೇ ನಿಲ್ಲುತ್ತವೆ. ಮೊದಲು ರಾಜನನ್ನು ಕಾಯಬೇಕು, ಬೇರೆ ಕಾಯಿ ಆಮೇಲೆ. ಹೀಗೆ ‘ಚೆಕ್’ ಎಂದರೆ ತಟ್ಟನೆ ನಿಲ್ಲಿಸುವುದು ಎಂದಾಯಿತು. ಆಮೇಲೆ ಹತೋಟಿಯಲ್ಲಿ ಇಡುವುದು ಎಂದಾಯಿತು. ನಿಲ್ಲಿಸಿದ ಮೇಲೆ ನೋಡುವುದು ಇದ್ದೇ ಇದೆಯಲ್ಲ. ಹಾಗಾಗಿ ಪರೀಕ್ಷಿಸುವುದು, ತಾಳೆ ನೋಡುವುದು ಎಂಬ ಅರ್ಥವೂ ಕೂಡಿತು. ದವಾಖಾನೆಯ ಚೆಕ್‌ಅಪ್, ರೇಲ್ವೆಯ ಟಿಕೆಟ್ ಚೆಕಿಂಗ್, ರಸ್ತೆಯ ಚೆಕ್‌ಪೋಸ್ಟ್ ಎಲ್ಲವೂ ಈ ಕೊಂಬೆಯವು. ಅಮೇರಿಕೆಯ ಹೋಟೆಲಿನಲ್ಲಿ ಊಟವಾದ ಮೇಲೆ ಮಾಣಿ ತಂದಿಡುವ ಬಿಲ್ಲಿಗೂ ಚೆಕ್ ಎಂದೇ ಹೆಸರು. ಅಲ್ಲಿ ಬರೆದ ಉತ್ತರದ ಮುಂದೆ ಮಾಸ್ತರರು ಹಾಕುವ ಸರಿ ಗುರುತೂ ಚೆಕ್.

ಇನ್ನು ನಮ್ಮ ಅಂಗಡಿಯ ಚೆಕ್ಸ್. ಚದುರಂಗದ ಮಣೆಯ ಮೇಲೆ ಇರುವಂತೆ ಚೌಕ ಚೌಕ ಇರುವ ಅರಿವೆ ಎಂದು ಅದಕ್ಕೆ ಆ ಹೆಸರು. ನಾವು ಅದನ್ನು ಚೌಕಳಿ ಎನ್ನುತ್ತೇವೆ. ಚೌಕಳಿಗೂ ಚೆಕ್ಸಿಗೂ ದನಿ ಹತ್ತಿರ, ಅರ್ಥವೂ ಒಂದೇ. ಆದರೂ ಅವು ಬಳಗವಲ್ಲ. ನಮ್ಮ ‘ಚೌಕ’ ಸಂಸ್ಕೃತದ ‘ಚತುಷ್ಕ’ದಿಂದ, ಎಂದರೆ ನಾಲ್ಕು ಎಂಬುದರಿಂದ ಬಂದದ್ದು. ಅವರ ‘ಚೆಕ್ಸ್’ ರಾಜನಿಂದ ಬಂದದ್ದು. ಒಂದೇ ಥಾನಿಗೆ ಎರಡು ಮನೆತನದ ಹೆಸರು. ದನಿ ಹೊಂದಿದ ಮಾತ್ರಕ್ಕೆ ಸಂಬಂಧ ಕೂಡಿಸಬಾರದು ಎಂದು ಮಾಸ್ತರರು ಹೇಳಿದಾಗ, ವರ-ಕನ್ಯೆ ನೋಡುವ ಹಿರಿಯರ ಮಾತಿನಂತೆ ನಮಗೆ ಕೇಳಿಸಿತು.

ಈಗ ನಮ್ಮೆಲ್ಲರ ತಿಜೋರಿಯಲ್ಲಿರುವ ಚೆಕ್ಕಿಗೆ ಬರೋಣ. ಇದರ ಕಥೆಯಲ್ಲಿಯೂ ಅರಿವೆ ಇದೆ. ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಜನ ಖಜಾನೆಯ ಲೆಕ್ಕ ನೋಡಲು ಹತ್ತು ಅಡಿ ಉದ್ದ, ಐದು ಅಡಿ ಅಗಲದ ಒಂದು ಮೇಜು ಇತ್ತು. ಅದರ ಮೇಲೆ ಗೆರೆಗಳಿದ್ದ ಕಪ್ಪು ಬಟ್ಟೆ ಹಾಸುತ್ತಿದ್ದರು. ಪೌಂಡಿಗೆ ಒಂದು ಮನೆ, ಶಿಲ್ಲಿಂಗಿಗೆ ಒಂದು, ಪೆನ್ನಿಗೆ ಒಂದು. ಆ ಮನೆಗಳಲ್ಲಿ ಬಿಲ್ಲೆಗಳನ್ನಿಟ್ಟು, ಸರಿಸಿ, ಕೂಡಿಸಿ ಕಳೆಯುತ್ತಿದ್ದರು. ಆಗ ಅವರ ಬರವಣಿಗೆಯಲ್ಲಿ ಇದ್ದದ್ದು ರೋಮನ್ ಅಂಕೆ; ಅದರಲ್ಲಿ ಸೊನ್ನೆಯಿಲ್ಲ, ಕಾಗದದ ಮೇಲೆ ಕೂಡಿಸುವುದು ಬಲು ತ್ರಾಸು. ಪ್ರಾಂತಗಳ ಅಧಿಕಾರಿಗಳು ವರ್ಷಕ್ಕೆ ಎರಡು ಸಲ ಬಂದು ಆ ಮೇಜಿನ ಮುಂದೆ ಲೆಕ್ಕ ಒಪ್ಪಿಸಬೇಕು. ಮೇಜು ಚದುರಂಗದ ಮಣೆಯಂತೆ ಕಾಣುತ್ತಿತ್ತಾದ್ದರಿಂದ ಆ ಕಚೇರಿಗೆ ‘ಎಕ್ಸ್‌ಚೆಕರ್’ ಎಂಬ ಹೆಸರು ಬಿತ್ತು. ಇಂದಿಗೂ ಬ್ರಿಟನ್ನಿನ ಅರ್ಥಮಂತ್ರಿಗಳಿಗೆ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’ ಎಂದೇ ಪದವಿ.

ಬ್ಯಾಂಕಿನ ಮೇಲೆ ಚೀಟಿ ಬರೆದು ಹಣ ಕೊಡಿಸುವ ಪದ್ಧತಿ ಲಂಡನ್ನಿನಲ್ಲಿ ಹದಿನೇಳನೆಯ ಶತಮಾನದಲ್ಲಿ ನಡೆಯುತ್ತಿತ್ತು. 1659ರ ಫೆಬ್ರವರಿಯಲ್ಲಿ 400 ಪೌಂಡಿಗೆ ಬರೆದ ಅಂಥ ಒಂದು ಕೈಬರಹದ ಚೀಟಿ ಇಂದಿಗೂ ಉಳಿದಿದೆ. ಆದರೆ ಆಗ ಅದಕ್ಕೆ ‘ಚೆಕ್’ ಎಂಬ ಹೆಸರಿರಲಿಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ‘ಚೆಕ್’ ಎಂದರೆ ಚೀಟಿ ಹರಿದು ಕೊಟ್ಟ ಮೇಲೆ ನಮ್ಮಲ್ಲಿ ಉಳಿಯುವ ತುಂಡು. ಈಗ ನಾವು ಕೌಂಟರ್‌ಫಾಯಿಲ್ ಅನ್ನುತ್ತೇವಲ್ಲ, ಅದು. ಖೊಟ್ಟಿ ಚೀಟಿ ಬಂದರೆ ಈ ತುಂಡಿನೊಂದಿಗೆ ತಾಳೆ ನೋಡಿ ತಡೆಯಲು ಬರುತ್ತಿತ್ತು. ಅದಕ್ಕೇ ಅದು ‘ಚೆಕ್’. ಕಾಲಕ್ರಮದಲ್ಲಿ ಹೆಸರು ಉಳಿದ ತುಂಡಿನಿಂದ ಕೊಟ್ಟ ಚೀಟಿಗೆ ಜಾರಿತು. ಎಕ್ಸ್‌ಚೆಕರಿನ ನೆರಳು ಬಿದ್ದು ಇಂಗ್ಲೆಂಡಿನಲ್ಲಿ ಅದರ ಸ್ಪೆಲ್ಲಿಂಗ್ ಬದಲಾಯಿತು. ಅಮೇರಿಕೆಯವರು ಮಾತ್ರ ಹಳೆಯ ಸ್ಪೆಲ್ಲಿಂಗಿನಲ್ಲೇ ಬರೆಯುತ್ತಾರೆ. ಶಾಲೆಯಲ್ಲಿ ಮಕ್ಕಳು ಎರಡು ಸ್ಪೆಲ್ಲಿಂಗ್ ನೋಡಿ ಗೊಂದಲಪಡುವುದಕ್ಕೆ ಕಾರಣ ಇದು.

ಅರಬ್ಬಿಯಲ್ಲಿ ಹಣದ ಪತ್ರಕ್ಕೆ ‘ಸಕ್ಕ್’ ಎಂಬ ಶಬ್ದವಿದೆ. ಹತ್ತನೆಯ ಶತಮಾನದ ಅರಬ ಪ್ರವಾಸಿ ಇಬ್ನ್ ಹೌಕಲ್ 42,000 ದಿನಾರಿನ ಒಂದು ಸಕ್ಕ್ ನೋಡಿದ್ದಾಗಿ ಬರೆದಿದ್ದಾನೆ. ಚೆಕ್ ಅದರಿಂದ ಬಂತೆಂದು ಹೇಳುವವರಿದ್ದಾರೆ. ಶಬ್ದಕೋಶದವರು ಮಾತ್ರ ಚದುರಂಗದ ದಾರಿಯನ್ನೇ ಹಿಡಿಯುತ್ತಾರೆ.

ನಮ್ಮ ಹಿರಿಯರಿಗೆ ಇಂಗ್ಲಿಷರ ಚೆಕ್ಕಿಗಿಂತ ಮೊದಲೇ ಹುಂಡಿ ಗೊತ್ತಿತ್ತು. ಕಂಡ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ಮುದ್ದತ್ತು ಮುಗಿದ ಮೇಲೆ ಕೊಡುವುದು ಮುದ್ದತಿ ಹುಂಡಿ. ‘ಶಹಾಜೋಗ’ ಎಂಬ ಹುಂಡಿಯೂ ಇತ್ತು. ಅದರ ಹಣವನ್ನು ಕಂಡವರಿಗೆ ಕೊಡುವಂತಿಲ್ಲ. ಪೇಟೆಯಲ್ಲಿ ಪತ್ತು ಇರುವ ಒಬ್ಬ ಶಹಾನಿಗೆ ಮಾತ್ರ ಕೊಡಬೇಕು. ಇಲ್ಲಿ ನೋಡಿರಿ, ಮತ್ತೆ ‘ಶಹಾ’ ಬಂತು. ಆದರೆ ಈ ಶಹಾ ಪಾರಸಿಯ ರಾಜನಲ್ಲ. ಸಂಸ್ಕೃತದ ‘ಸಾಧು’ ಪ್ರಾಕೃತದಲ್ಲಿ ‘ಸಾಹು’ ಆಯಿತು. ಸಾಹುವಿನಿಂದ ‘ಸಾಹ’, ‘ಶಹಾ’. ಸೋಲಾಪುರದ ಗುಜರಾತಿ ಜೈನ ಬಂಧುಗಳಲ್ಲಿ ಆ ಅಡ್ಡಹೆಸರು ಎಷ್ಟೊಂದು ಮನೆಗಳಿಗಿದೆ! ನಮ್ಮ ‘ಸಾಹುಕಾರ’, ‘ಸಾವಕಾರ’ ಸಹ ಆ ಬೇರಿನವೇ. ಮರಾಠಿಯಲ್ಲಿ ಚೋರನಿಗೆ ವಿರುದ್ಧ ಶಬ್ದ ‘ಸಾವ’. ದಿನವೂ ಬೆಳಿಗ್ಗೆ ನಾವು ಹೇಳುವ ಪಂಚನಮಸ್ಕಾರದ ಐದನೆಯ ಪದದಲ್ಲಿ ಯಾರಿಗೆ ನಮಸ್ಕರಿಸುತ್ತೇವೆ ಎಂಬುದನ್ನು ನೆನೆಯಿರಿ. ಮುನಿಗಳಿಗೆ ಇರುವ ಆ ಶಬ್ದವನ್ನೇ ಲೋಕವು ನಂಬಿಕೆಯ ಮೇಲೆ ವ್ಯಾಪಾರಿಗೆ ಕೊಟ್ಟಿದೆ. ಈ ಒಂದು ಮಾತು ತಿಳಿದ ದಿನ ನಮಗೆ ಸಂತೋಷವಾಯಿತು. ಹಿಂದೆಯೇ ಒಂದು ಹಳೆಯ ನೆನಪು ಬಂದು ಚುಚ್ಚಿತು. ಅದನ್ನು ಮುಚ್ಚಿಟ್ಟು ಈ ಲೇಖನ ಮುಗಿಸಿದರೆ ಅರ್ಧ ಲೆಕ್ಕ ಒಪ್ಪಿಸಿದಂತೆ.

1994ರ ದೀಪಾವಳಿಯ ಮುಂಚಿನ ಮಾತು. ಸೋಲಾಪುರದಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡಿದ್ದ ಒಬ್ಬರಿಂದ ಚಾದರು, ಟವೆಲ್ಲು ತರುತ್ತಿದ್ದೆವು. ಆ ಸಲದ ಮಾಲಿಗೆ 18,500 ರೂಪಾಯಿಯ ಚೆಕ್ ಕೊಟ್ಟೆವು, ಮುಂದಿನ ತಾರೀಖು ಹಾಕಿ. ಹಳ್ಳಿಗಳ ಕಡೆಯಿಂದ ಬರಬೇಕಾದ ಉದ್ರಿ ಅಷ್ಟರಲ್ಲಿ ಬರುತ್ತದೆ ಎಂಬ ಧೈರ್ಯ. ಉದ್ರಿ ಬರಲಿಲ್ಲ. ಖಾತೆಯಲ್ಲಿ ಮೂರು ಸಾವಿರದಷ್ಟು ಕಡಿಮೆ ಬಿದ್ದಿತು. ಚೆಕ್ ವಾಪಸ್ಸು ಹೋಯಿತು.

ಅವರು ನೋಟೀಸು ಕೊಡಬಹುದಾಗಿತ್ತು. ಖಾತೆಯಲ್ಲಿ ಹಣ ಸಾಲದೆ ಚೆಕ್ ವಾಪಸ್ಸಾದರೆ ಅಪರಾಧ ಎಂಬ 138ನೆಯ ಕಲಮು 1881ರ ಕಾಯದೆಯಲ್ಲಿ ಸೇರಿ, 1989ರ ಏಪ್ರಿಲ್ 1ರಿಂದ ಜಾರಿಯಾಗಿತ್ತು. ಅವರು ಹಾಗೆ ಮಾಡಲಿಲ್ಲ. ಮರುದಿನ ನಲವತ್ತು ಕಿಲೋಮೀಟರು ಎಸ್.ಟಿ. ಬಸ್ಸಿನಲ್ಲಿ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದು, ಮಡಚಿದ ಚೆಕ್ಕನ್ನು ಗಾದಿಯ ಮೇಲಿಟ್ಟರು. ಕನ್ನಡ-ತೆಲುಗು ಬೆರೆಸಿದ ಅವರ ಮಾತಿನಲ್ಲಿ ಜೋರಿರಲಿಲ್ಲ. ‘ಸಾವಕಾರ್ರ, ಇದನ್ನ ನೀವ ಇಟ್ಕೊಳ್ರಿ. ನಿಮ್ಮ ಚೆಕ್ ಅಂತ ಹೇಳಿ ಮಂದಿಗೆ ಬೋನಸ್ ಇವತ್ತ ಕೊಡ್ತೀನಿ ಅಂದಿದ್ದೆ’ ಎಂದರು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ನಮಗೆ ತಲೆಯೆತ್ತಲಾಗಲಿಲ್ಲ.

ನಮ್ಮ ತಂದೆಯವರು ಆಗ ಇದ್ದರು. ಮೂಲೆಯಲ್ಲಿ ಕೂತು ಎಲ್ಲ ಕೇಳಿದರು. ಅವರು ನಮ್ಮನ್ನು ಬಯ್ಯಲಿಲ್ಲ. ಎದ್ದು ಪಕ್ಕದ ಅಂಗಡಿಗೆ ಹೋಗಿ, ಕೈಗಡ ಕೇಳಿ, ಅರ್ಧ ತಾಸಿನಲ್ಲಿ 18,500 ರೂಪಾಯಿ ರೋಖ ತಂದು ಅವರ ಕೈಯಲ್ಲಿಟ್ಟರು. ಬಸ್ಸಿನ ಚಾರ್ಜೂ ಕೊಡಹೋದರು. ಅದನ್ನು ಅವರು ಮುಟ್ಟಲಿಲ್ಲ. ಅವರು ಹೋದ ಮೇಲೆ ತಂದೆಯವರು ಚೆಕ್‌ಬುಕ್ ತರಿಸಿ ಕೌಂಟರ್‌ಫಾಯಿಲ್‌ಗಳನ್ನು ಒಂದೊಂದಾಗಿ ತಿರುವಿದರು. ಹೆಸರು, ತಾರೀಖು, ರಕಮು ಬರೆದಿದ್ದೆವು. ‘ಶಿಲ್ಕು’ ಬರೆಯುವ ಸಾಲು ಎಲ್ಲದರಲ್ಲೂ ಖಾಲಿ ಇತ್ತು. ಆ ಸಾಲಿನ ಮೇಲೆ ಬೆರಳಿಟ್ಟು, ‘ಇಲ್ಲಿ ಬರೀತಿದ್ದಿ ಅಂದ್ರ, ಆ ಚೀಟಿ ಹರಿಯೂಕಿಂತ ಮೊದಲ ನಿನ್ನ ಕೈ ನಿಲ್ತಿತ್ತು’ ಎಂದರು. ಅವರು ನಾಲ್ಕನೆಯ ಇಯತ್ತೆ ಕಲಿತವರು. ಇಂಗ್ಲಿಷ್ ಶಬ್ದಕೋಶ ಕಂಡವರಲ್ಲ. ಆದರೆ ಚೆಕ್ ಎಂಬ ಹೆಸರು ಮೊದಲು ಯಾವ ತುಂಡಿಗೆ ಇತ್ತೋ, ಅದರ ಮೇಲೆಯೇ ಅವರ ಬೆರಳು ಹೋಗಿತ್ತು. ಇದು ನಮಗೆ ತಿಳಿದದ್ದು ಮೂವತ್ತು ವರ್ಷ ಕಳೆದಮೇಲೆ, ಮೊಮ್ಮಗನ ಪ್ರಶ್ನೆಯಿಂದ.

ಪವರ್‌ಲೂಮಿನವರು ನಮ್ಮ ಸಂಗಡ ವ್ಯಾಪಾರ ಬಿಡಲಿಲ್ಲ. ಹೋದಾಗ ಚಹಾ ಕೊಡುತ್ತಿದ್ದರು, ಮಕ್ಕಳನ್ನು ವಿಚಾರಿಸುತ್ತಿದ್ದರು. ಆದರೆ ಅವರು ಇರುವವರೆಗೆ ನಮ್ಮಿಂದ ಮತ್ತೆ ಚೆಕ್ ತೆಗೆದುಕೊಳ್ಳಲಿಲ್ಲ. ಮುಂದಿನ ವರ್ಷ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ನಾವೇ ಸೋಲಾಪುರಕ್ಕೆ ಹೋಗಿ ಕೈಮುಗಿದು ಕ್ಷಮೆ ಕೇಳಿದೆವು. ‘ಅದೇನು ದೊಡ್ಡ ಮಾತು ಬಿಡ್ರಿ’ ಎಂದು ನಕ್ಕರು. ಆ ದಿನವೂ ಮಾಲಿಗೆ ರೋಖವನ್ನೇ ಎಣಿಸಿಕೊಂಡರು. ಕ್ಷಮೆ ಬೇರೆ, ಪತ್ತು ಬೇರೆ ಎಂದು ನಾವು ಕಲಿತದ್ದು ಅಲ್ಲಿ. ಕ್ಷಮೆಯನ್ನು ಕೇಳಿ ಪಡೆಯಬಹುದು. ಪತ್ತನ್ನು ಕೇಳಿ ಪಡೆಯಲು ಬರುವುದಿಲ್ಲ.

ಇಂದು ಕಾಯದೆ ಇನ್ನೂ ಬಿಗಿಯಾಗಿದೆ. ವಾಪಸ್ಸಾದ ಚೆಕ್ಕಿಗೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಚೆಕ್ಕಿನ ರಕಮಿನ ಎರಡರಷ್ಟರವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟೀಸು ಕೊಡಬೇಕು. ನೋಟೀಸು ಮುಟ್ಟಿದ 15 ದಿನದೊಳಗೆ ಹಣ ಕಟ್ಟಿದರೆ ಪ್ರಕರಣ ನಿಲ್ಲುವುದಿಲ್ಲ. ಚೆಕ್ಕಿನ ಮುದ್ದತ್ತು ಮೊದಲು ಆರು ತಿಂಗಳಿತ್ತು, 2012ರ ಏಪ್ರಿಲ್ 1ರಿಂದ ಮೂರು ತಿಂಗಳು. ವ್ಯಾಪಾರಕ್ಕೆ ಹೊಸದಾಗಿ ಕೂತ ಹುಡುಗರು ಇದನ್ನು ತಿಳಿದಿರಬೇಕು. ಆದರೆ ಸೆರೆಯ ಭಯದಿಂದ ಪಾಸಾಗುವ ಚೆಕ್ ಒಂದು, ಮಾತಿಗಾಗಿ ಪಾಸಾಗುವ ಚೆಕ್ ಇನ್ನೊಂದು. ಕೊಡುವವನಿಗೆ ವ್ಯತ್ಯಾಸ ಗೊತ್ತಿರುತ್ತದೆ.

ನಮ್ಮ ಧರ್ಮದಲ್ಲಿ ಚೆಕ್ ಎಂಬುದಕ್ಕೆ ಸರಿಯಾದ ಶಬ್ದ ಯಾವುದು ಎಂದು ಯೋಚಿಸಿದಾಗ ಹೊಳೆದದ್ದು ‘ಸಂವರ’. ಏಳು ತತ್ತ್ವಗಳಲ್ಲಿ ಐದನೆಯದು. ಕರ್ಮ ಒಳಗೆ ಹರಿದು ಬರುವುದು ಆಸ್ರವ, ಆ ಹರಿವನ್ನು ತಡೆದು ನಿಲ್ಲಿಸುವುದು ಸಂವರ. ಬಂದದ್ದನ್ನು ಕಳೆದುಕೊಳ್ಳುವ ನಿರ್ಜರೆ ಅದರ ನಂತರ. ಮೊದಲು ಬಾಗಿಲು ಹಾಕು, ಆಮೇಲೆ ಮನೆ ಗುಡಿಸು ಎಂಬಂತೆ. ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ನೋಡಿರಿ: ಕಳವಿಗೆ ಪ್ರೇರಣೆ ಕೊಡುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರಿ ವ್ಯಾಪಾರ ಮಾಡುವುದು, ತೂಕ ಅಳತೆಯಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಳ್ಳೆಯ ಮಾಲಿನ ಹೆಸರಲ್ಲಿ ಖೊಟ್ಟಿ ಮಾಲು ಬೆರೆಸುವುದು. ಐದೂ ಅಂಗಡಿಯವು! ಗಡಿಯಲ್ಲಿ ಬದುಕುವ ನಮಗೆ ಮೂರನೆಯದು ಹೆಚ್ಚು ತಟ್ಟುತ್ತದೆ. ನಾಕೆ ತಪ್ಪಿಸಲು ಗಾಡಿಯನ್ನು ಹೊಲದ ದಾರಿಗೆ ಇಳಿಸಿದವರು ನಮ್ಮ ಪೇಟೆಗಳಲ್ಲಿ ಇರಲಿಲ್ಲವೆಂದು ಯಾರೂ ಹೇಳಲಾರರು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಮೇಲೆ ಮಾರಾಟ ತೆರಿಗೆಯ ಆ ಚೆಕ್‌ಪೋಸ್ಟುಗಳು ಉಳಿದಿಲ್ಲ. ರಸ್ತೆಗೆ ಅಡ್ಡ ಹಾಕಿದ ಬಿದಿರು ಹೋಯಿತು. ವ್ರತದ ಬಿದಿರನ್ನು ನಮ್ಮ ಕೈಯಿಂದಲೇ ಹಾಕಿಕೊಳ್ಳಬೇಕು.

ಆ ಪವರ್‌ಲೂಮಿನವರ ಮಗ ಈಗ ನಮಗೆ ಮಾಲು ಕಳಿಸುತ್ತಾನೆ. ಹಣವನ್ನು ಫೋನಿನಲ್ಲೇ ಕಳಿಸುತ್ತೇವೆ. ಬೆರಳು ಒತ್ತಿದರೆ ಆಯಿತು, ಒಂದು ಗಳಿಗೆಯ ಕೆಲಸ. ಖಾತೆಯಲ್ಲಿ ಇಲ್ಲದ ಹಣ ಅದರಲ್ಲಿ ಹೋಗುವುದಿಲ್ಲ, ನಿಜ. ಆದರೆ ಆ ಹಣದ ಮೇಲೆ ಬೇರೆ ಯಾರಿಗೆ ಮಾತು ಕೊಟ್ಟಿದ್ದೇವೆ ಎಂದು ಫೋನು ಕೇಳುವುದಿಲ್ಲ. ಮನೆಯ ಹುಡುಗರು ತಿಂಗಳ ಕಂತಿನ ಮೇಲೆ ಕಂತು ಒತ್ತುತ್ತ ಹೋಗುವುದನ್ನು ಎಷ್ಟು ಮನೆಗಳಲ್ಲಿ ಕಂಡಿಲ್ಲ! ಅದಕ್ಕೆ ನಮ್ಮ ಅಂಗಡಿಯಲ್ಲಿ ಒಂದು ಪುಟ್ಟ ವಹಿ ಇಟ್ಟಿದ್ದೇವೆ. ಫೋನ್ ಒತ್ತುವ ಮೊದಲು ಅದರಲ್ಲಿ ಮೂರು ಸಾಲು: ಯಾರಿಗೆ, ಎಷ್ಟು, ಕೊಟ್ಟಮೇಲೆ ಉಳಿಯುವ ಶಿಲ್ಕು ಎಷ್ಟು. ಮಗ ಮೊದಲು ನಕ್ಕ. ಈಗ ಅವನೂ ಬರೆಯುತ್ತಾನೆ.

ಮೊಮ್ಮಗನಿಗೆ ಇಷ್ಟೆಲ್ಲ ಹೇಳಲಿಲ್ಲ. ರಾಜನ ಕಥೆ ಹೇಳಿದೆವು, ಆ ವಹಿ ತೋರಿಸಿದೆವು, ಕಪಾಟಿನಿಂದ 1994ರ ಕೌಂಟರ್‌ಫಾಯಿಲ್ ತೆಗೆದು ಖಾಲಿ ಸಾಲನ್ನೂ ತೋರಿಸಿದೆವು. ಅವನು ಸ್ವಲ್ಪ ಹೊತ್ತು ನೋಡಿ, ‘ಅಂದ್ರ ಚೆಕ್ ಅಂದ್ರ ರಾಜಾ ಅಲ್ಲ ಅಜ್ಜಾ, ರಾಜಾಗ ಹುಷಾರ್ ಅಂತ ಹೇಳೂದು’ ಎಂದ. ಶಬ್ದಕೋಶದಲ್ಲಿ ನಮಗೆ ಅಷ್ಟು ಸಣ್ಣದಾಗಿ ಸಿಕ್ಕಿರಲಿಲ್ಲ.